ರಂಗೋಲಿ ಪುಡಿ ಯಾರ ಕೈಯಲ್ಲಿ? ಊರವರನ್ನು ಕೂಡಿಸಿಕೊಂಡು ನೀರಿನ ಯೋಜನೆ ಮಾಡುವ ಬಗೆ

ಊರಿಗೆ ನೀರಿನ ಕೆಲಸ ತರುವವರು ಹೆಚ್ಚಾಗಿ ಮಾಡುವುದು ಇಷ್ಟು. ಹನುಮಪ್ಪನ ಗುಡಿಯ ಮುಂದೆ ಮೈಕು ಕಟ್ಟಿಸುತ್ತಾರೆ, ಯೋಜನೆ ಏನೆಂದು ಅರ್ಧ ತಾಸು ಹೇಳುತ್ತಾರೆ, "ಎಲ್ಲಾರೂ ಒಪ್ಪೀರೇನ್ರಿ?" ಎಂದು ಕೇಳುತ್ತಾರೆ. ಹೂಂ ಎಂದ ಕೂಡಲೇ ಹಾಜರಿ ಪುಸ್ತಕಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಗಾಡಿ ಹತ್ತುತ್ತಾರೆ. ಮುಂದೆ ಪೈಪು ಒಡೆದಾಗ ಊರವರು "ಅದು ಅವರ ಟಾಕಿ, ಅವರೇ ಬಂದು ರಿಪೇರಿ ಮಾಡ್ಲಿ" ಅನ್ನುತ್ತಾರೆ. ಅದರಲ್ಲಿ ಊರವರ ತಪ್ಪಿಲ್ಲ. ಟಾಕಿ ಎಲ್ಲಿ ಬರಬೇಕೆಂಬುದು ತೀರ್ಮಾನ ಆದಮೇಲೆ ಅವರನ್ನು ಕರೆಯಲಾಗಿತ್ತು.

ಆ ತೀರ್ಮಾನಕ್ಕಿಂತ ಮೊದಲು ಮಾಡಬೇಕಾದ ಕೆಲಸವನ್ನು ಇಲ್ಲಿ ಬರೆದಿದೆ. ಕಣ್ಣಮುಂದೆ ಇಟ್ಟುಕೊಂಡಿರುವುದು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ದಂಡೆಯ ಹಳ್ಳಿಗಳನ್ನು. ಅಲ್ಲಿ ಹೊಳೆ ಪಕ್ಕದಲ್ಲೇ ಹರಿದರೂ ನೀರು ಸವುಳು, ಕುಡಿಯಲು ಬಾರದು. ಒಂದು ಊರಿಗೆ ಆರು ವಾರ ಇಟ್ಟುಕೊಳ್ಳಿ. ಎರಡು ದಿನದಲ್ಲಿ ಮುಗಿಸಿ ಫೋಟೋ ಕಳಿಸುವುದಿದ್ದರೆ ಮಾಡದಿರುವುದೇ ಮೇಲು, ಏಕೆಂದರೆ ಒಮ್ಮೆ ಮಾತಾಡಿ ಮೋಸಹೋದ ಊರು ಎರಡನೇ ಸಲ ಬಾಯಿ ಬಿಡುವುದಿಲ್ಲ.

ದಿನ, ಹೊತ್ತು, ಜಾಗ

ಮೊದಲ ಮೂರು ಭೇಟಿಗೆ ಕಾಗದ, ಬ್ಯಾನರ್ ಏನೂ ಬೇಡ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ನಳದ ಕಟ್ಟೆ, ಅಂಗನವಾಡಿ, ಈ ನಾಲ್ಕು ಕಡೆ ನಿಂತು ಮಾತು ಕೇಳಿ. ಎಲ್ಲ ಓಣಿಯ ಹೆಂಗಸರೂ ಬಂದು ಸರದಿಗಾಗಿ ಕಾಯುವ ಜಾಗ ಗಿರಣಿ. ನೀರು ಬಿಡುವ ವಾಟರ್‌ಮನ್ ಜೊತೆ ಒಂದು ಮುಂಜಾನೆ ಪೂರ್ತಿ ಓಡಾಡಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ, ಎಷ್ಟು ಹೊತ್ತು ಹೋಗುತ್ತದೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ, ಅವರ ತಲೆಯಲ್ಲಿ ಇರುತ್ತದೆ.

ನಿಮ್ಮಿಂದ ಏನು ಆಗುವುದಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. "ನಾವು ಬೋರ್ ಹಾಕಿಸಾಕ ಬಂದಿಲ್ರಿ. ನೀರಿನ ತ್ರಾಸ ಎಲ್ಲೆಲ್ಲಿ ಐತಿ ಅಂತ ನಿಮ್ಮ ಜೋಡಿ ಕುಂತು ತಿಳಕೊಂಡು, ಪಂಚಾಯ್ತಿಗೆ ಮುಟ್ಟಸಾಕ ಬಂದೀವಿ" ಎಂದು ನೇರವಾಗಿ ಹೇಳಬೇಕು. ಇದನ್ನು ಮುಚ್ಚಿಟ್ಟರೆ ವಾರದೊಳಗೆ ಊರೆಲ್ಲ ಬೋರ್ ಬರುತ್ತದೆ ಎಂಬ ಸುದ್ದಿ ಹಬ್ಬುತ್ತದೆ. ಆಮೇಲೆ ಕೇಳಿದ ಪ್ರಶ್ನೆಗೆಲ್ಲ ಬೋರ್ ಒಂದೇ ಉತ್ತರ.

ಸಭೆಯ ದಿನ ಹಾಕುವಾಗ ಸಂತೆ, ಅಮಾವಾಸ್ಯೆ, ನಳ ಬರುವ ದಿನ ಬಿಡಿ. ನಾಲ್ಕಾರು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಆ ದಿನ ಹೆಂಗಸರು ಕೊಡ ಬಿಟ್ಟು ಬರಲಾರರು. ಸೋಮವಾರ ಎತ್ತು ಹೂಡದ ಊರುಗಳಲ್ಲಿ ಗಂಡಸರಿಗೆ ಅಂದು ಬಿಡುವು. ಹಾಗೆಂದು ಸೋಮವಾರವೇ ಒಳ್ಳೆಯದೆಂದು ತಿಳಿಯಬಾರದು, ಹೆಂಗಸರಿಗೆ ವಾರದಲ್ಲಿ ಅಂಥ ಒಂದು ದಿನವೂ ಇಲ್ಲ. ಅವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು, ಇಲ್ಲವೇ ರೊಟ್ಟಿ ಬಡಿದು ಮುಗಿದ ಮೇಲೆ ರಾತ್ರಿ ಎಂಟೂವರೆ. ಬಿಳಿಜೋಳದ ಸುಗ್ಗಿಯಲ್ಲಿ ಯಾರನ್ನೂ ಕರೆಯಬೇಡಿ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವ ಮನೆಗಳಿದ್ದರೆ ದೀಪಾವಳಿಗೆ ಮುಂಚೆ ಕೆಲಸ ಮುಗಿಸಬೇಕು, ಇಲ್ಲವೇ ಯುಗಾದಿಗೆ ಅವರು ತಿರುಗಿ ಬರುವವರೆಗೆ ಕಾಯಬೇಕು. ನಡುವೆ ಹೋದರೆ ಸಿಗುವವರು ಮುದುಕರು, ಮಕ್ಕಳು.

ಜಾಗದ ವಿಷಯದಲ್ಲಿ ಮುಲಾಜು ಬೇಡ. ಗುಡಿಕಟ್ಟೆಯ ಮೇಲೆ ಸಭೆ ಕರೆದರೆ ದಲಿತ ಕೇರಿಯವರು ದೂರ ನಿಲ್ಲುತ್ತಾರೆ, ಸೊಸೆಯಂದಿರು ಬರುವುದೇ ಇಲ್ಲ. ಕೇರಿಯಲ್ಲಿ ಒಂದು, ಲಂಬಾಣಿ ತಾಂಡಾದಲ್ಲಿ ಒಂದು, ಊರೊಳಗೆ ಹೆಂಗಸರದೇ ಒಂದು, ಗಂಡಸರದು ಒಂದು, ಹೀಗೆ ಮೊದಲು ಬೇರೆ ಬೇರೆ ಕೂಡಿಸಿ. ಎಲ್ಲರನ್ನೂ ಒಟ್ಟಿಗೆ ಕರೆಯುವುದು ಕೊನೆಗೆ, ಅದೂ ಶಾಲೆಯ ಮೈದಾನದಲ್ಲಿ. ತಾಂಡಾಕ್ಕೆ ಹೋಗುವಾಗ ಅಲ್ಲಿನ ಹಿರಿಯರಾದ ನಾಯಕ, ಕಾರಭಾರಿಗೆ ಮೊದಲು ತಿಳಿಸಿ, ಲಂಬಾಣಿ ಮಾತು ಬಲ್ಲ ಹೆಣ್ಣುಮಗಳೊಬ್ಬಳನ್ನು ಕರೆದೊಯ್ಯಿರಿ. ಹೆಂಗಸರು ತಮ್ಮ ಮಾತಿನಲ್ಲಿ ಹತ್ತು ನಿಮಿಷ ವಾದಿಸಿದ್ದನ್ನು ಗಂಡಸೊಬ್ಬ "ನೀರು ಬೇಕಂತ್ರಿ" ಎಂದು ಎರಡೇ ಪದದಲ್ಲಿ ಮುಗಿಸಿಬಿಡುತ್ತಾನೆ.

ನೆಲದ ಮೇಲೆ ಊರು

ಈಗ ಊರವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಎಳೆಯಬೇಕು. ಒಂದು ಗುಂಪಿಗೆ ಹನ್ನೆರಡರಿಂದ ಇಪ್ಪತ್ತು ಜನ, ಹದಿನೈದು ಅಡಿ ಉದ್ದ, ಅಷ್ಟೇ ಅಗಲದ ಗುಡಿಸಿದ ನೆಲ, ಎರಡು ತಾಸು. ಸಾಮಾನು: ಬಿಳಿ ರಂಗೋಲಿ ಪುಡಿ ಎರಡು ಕಿಲೋ, ನೀಲಿ ಮತ್ತು ಕೆಂಪು ಅರ್ಧರ್ಧ ಕಿಲೋ, ಇದ್ದಿಲು, ಇಟ್ಟಂಗಿ ಚೂರು, ಬೇವಿನ ಸೊಪ್ಪು, ಹುಣಸೆ ಬೀಜ. ನಿಮ್ಮ ಕಡೆಯಿಂದ ಮೂವರು ಸಾಕು. ಒಬ್ಬರು ಮಾತಾಡಿಸಲು, ಒಬ್ಬರು ಬರೆದುಕೊಳ್ಳಲು, ಮೂರನೆಯವರು ಯಾರು ಮಾತಾಡುತ್ತಿಲ್ಲ ಎಂದು ನೋಡಲು. ಈ ಮೂರನೆಯವರೇ ಮುಖ್ಯ. ಹೆಚ್ಚಿನ ತಂಡಗಳಲ್ಲಿ ಅವರೇ ಇರುವುದಿಲ್ಲ.

ಕಾಗದ ಬಿಟ್ಟು ನೆಲಕ್ಕಿಳಿಯುವ ಈ ಪದ್ಧತಿ ಹರಡಿದ್ದು 1980ರ ದಶಕದ ಕೊನೆಯಿಂದೀಚೆಗೆ. ಕರ್ನಾಟಕದಲ್ಲಿ ಮೊದಲಿಗೆ ಅದನ್ನು ಕೈಗೆತ್ತಿಕೊಂಡವರಲ್ಲಿ ಮೈರಾಡಾ ಸಂಸ್ಥೆಯೂ ಒಂದು. ಬ್ರಿಟನ್ನಿನ ಗ್ರಾಮಾಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ ಇದರ ತಿರುಳನ್ನು ಒಂದೇ ಮಾತಿನಲ್ಲಿ ಹಿಡಿದರು: ಗೆರೆ ಎಳೆಯುವ ಕೋಲನ್ನು ಊರವರ ಕೈಗೆ ಕೊಡಿ. ಕಾಗದ, ಪೆನ್ನು ಇಟ್ಟರೆ ಪೆನ್ನು ಮೇಷ್ಟ್ರ ಕೈಗೋ ಮೆಂಬರ್ ಕೈಗೋ ಹೋಗುತ್ತದೆ. ರಂಗೋಲಿ ಪುಡಿ ಇಟ್ಟರೆ ಅದನ್ನು ದಿನಾ ಬೆಳಗ್ಗೆ ಹಿಡಿಯುವ ಕೈಗೇ ಹೋಗುತ್ತದೆ.

ಎಲ್ಲರೂ ಬಲ್ಲ ಒಂದು ಗುರುತಿನಿಂದ ಶುರು ಮಾಡಿ. ಅಗಸಿ ಆಗಲಿ, ಹಳೇ ಬಾವಿ ಆಗಲಿ, ಅಲ್ಲೊಂದು ಇಟ್ಟಂಗಿ ಇಟ್ಟು, ಸೂರ್ಯ ಹುಟ್ಟುವ ದಿಕ್ಕು ಯಾವುದೆಂದು ಕೇಳಿ. "ಇಲ್ಲಿಂದ ನಿಮ್ಮ ಓಣಿಗೆ ಹೆಂಗ ಹೋಗೂದು, ಅಕ್ಕಾರ? ನೀವ ಎಳೀರಿ" ಎಂದು ಪುಡಿಯ ತಟ್ಟೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಗೆರೆ ಸೊಟ್ಟಗಾದರೂ ಅಳತೆ ತಪ್ಪಿದರೂ ತಿದ್ದಬಾರದು, ಅವರೇ ಒಬ್ಬರಿಗೊಬ್ಬರು ತಿದ್ದುತ್ತಾರೆ. ನೀವು ಒಮ್ಮೆ ತಿದ್ದಿದಿರೋ, ಮುಂದಿನ ಪ್ರತಿ ಗೆರೆಗೂ ನಿಮ್ಮ ಮುಖ ನೋಡುತ್ತಾರೆ.

ದಾರಿ, ಓಣಿ ಮುಗಿದ ಮೇಲೆ ನೀರು. ನಳಕ್ಕೆ ಬಿಳಿ ಗೆರೆ, ಸಿಹಿ ನೀರಿನ ಬೋರಿಗೆ ನೀಲಿ ಚುಕ್ಕೆ, ಸವುಳು ನೀರಿನದಕ್ಕೆ ಕೆಂಪು, ಕೆಟ್ಟು ನಿಂತ ಕೈಪಂಪಿಗೆ ಇದ್ದಿಲು. ಈಗ ಪ್ರಶ್ನೆಗಳು ಸಣ್ಣವಾಗಬೇಕು. "ನೀರಿನ ಸಮಸ್ಯೆ ಐತೇನ್ರಿ" ಎಂದರೆ ಐತಿ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ನಿನ್ನೆ ಎಷ್ಟು ಕೊಡ ಬಂತು? ಎಲ್ಲಿಂದ? ತಂದವರ್ಯಾರು?" ಎಂದು ಕೇಳಿ. ನಿನ್ನೆಯ ಲೆಕ್ಕದಲ್ಲಿ ಯಾರೂ ತಪ್ಪುವುದಿಲ್ಲ. ಪ್ರತಿ ಓಣಿಯ ತುದಿಯಲ್ಲಿ, ಒಂದು ಕೊಡಕ್ಕೆ ಒಂದರಂತೆ ಹುಣಸೆ ಬೀಜ ಇಡಿಸಿ. ನಕ್ಷೆ ಆಗ ಮಾತಾಡತೊಡಗುತ್ತದೆ. ವಾಲ್ವಿನ ಹತ್ತಿರದ ಓಣಿಯಲ್ಲಿ ಬೀಜ ಗುಡ್ಡೆಯಾಗಿ, ತುದಿಯ ಓಣಿಯಲ್ಲಿ ಎರಡೇ ಬಿದ್ದಿರುತ್ತವೆ. ಯಾಕೆಂದು ಕೇಳಿದರೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಮೆಲ್ಲಗೆ ಒಬ್ಬರು ಹೇಳುತ್ತಾರೆ, ಮೇಲಿನ ಮನೆಯವರು ನಳಕ್ಕೆ ಮೋಟಾರು ಹಚ್ಚುತ್ತಾರೆ ಅಂತ. ಇಲ್ಲಿ ಅವಸರ ಮಾಡಬೇಡಿ. ಯಾವ ಮನೆ ಎಂದು ಕೇಳಲೂಬೇಡಿ, ಬರೆಯಲೂಬೇಡಿ. ಓಣಿಯ ಮಟ್ಟಕ್ಕೆ ನಿಲ್ಲಿಸಿ. ಮನೆಯ ಗುರುತು ನಕ್ಷೆಯ ಮೇಲೆ ಬಂದರೆ ಹೇಳಿದವರಿಗೆ ಆ ರಾತ್ರಿಯೇ ತೊಂದರೆ.

ಮುಗಿದ ಕೂಡಲೇ ಮಾಳಿಗೆ ಹತ್ತಿ ಫೋಟೋ ತೆಗೆದು, ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಅಲ್ಲೇ ಕೂತು ನಕಲು ಮಾಡಿಸಿ. ಎರಡು ಪ್ರತಿ ಬೇಕು. ಚೆನ್ನಾಗಿರುವುದು ಊರಿಗೆ, ಇನ್ನೊಂದು ನಿಮಗೆ. ಮರುದಿನ ಐದಾರು ಜನರ ಜೊತೆ ನಕ್ಷೆ ಹಿಡಿದು ನಡೆಯಿರಿ. ಮಸಾರಿ (ಕೆಂಪು ಮಣ್ಣಿನ) ಹೊಲದ ಎತ್ತರದಿಂದ ಎರಿ (ಕಪ್ಪು ಮಣ್ಣಿನ) ಹೊಲ ದಾಟಿ ಹಳ್ಳದವರೆಗೆ ನಡೆದರೆ, ನೆಲದ ಮೇಲೆ ಮರೆತ ಎರಡು ಹಳೇ ಬಾವಿಯಾದರೂ ದಾರಿಯಲ್ಲಿ ಸಿಗುತ್ತವೆ.

ಮಳೆಗಳ ಲೆಕ್ಕದ ವರ್ಷ

ಯಾವ ತಿಂಗಳಲ್ಲಿ ನೀರಿನ ತ್ರಾಸ ಎಂದು ಕೇಳುವಾಗ ಜನವರಿ, ಫೆಬ್ರವರಿ ಎನ್ನಬೇಡಿ. ಯುಗಾದಿಯಿಂದ ಎಣಿಸಿ. ಮಿರಗ, ಆರಿದ್ರ, ಉತ್ತರಿ, ಹಸ್ತ, ಸ್ವಾತಿ ಎಂದು ಮಳೆಗಳ ಹೆಸರಿಟ್ಟು ಸಾಲಾಗಿ ಕಲ್ಲು ಜೋಡಿಸಿ. ಒಂದೊಂದು ಮಳೆ ಹದಿಮೂರು, ಹದಿನಾಲ್ಕು ದಿನ, ಹಾಗಾಗಿ ತಿಂಗಳ ಲೆಕ್ಕಕ್ಕಿಂತ ಇದೇ ಹೆಚ್ಚು ಕರಾರುವಾಕ್ಕು. ಮಳೆಯಿಲ್ಲದ ಕಾಲಕ್ಕೆ ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಬನದ ಹುಣ್ಣಿಮೆಗಳನ್ನು ಗುರುತಾಗಿ ಇಡಿ. ಪ್ರತಿ ಕಲ್ಲಿನ ಕೆಳಗೆ ನೀರು, ಕೂಲಿ, ಮೇವು, ಜಡ್ಡು ಎಂದು ನಾಲ್ಕು ಸಾಲು ಕಾಳು ಇಡಿಸಿದರೆ ನೀರು ಕಡಿಮೆಯಾದ ಹೊತ್ತಿಗೇ ಕೂಲಿಯೂ ಇಲ್ಲದಿರುವುದು ಅವರ ಕಣ್ಣಿಗೇ ಬೀಳುತ್ತದೆ.

ಮೊದಲು ಯಾವುದು ಆಗಬೇಕು

ಎಲ್ಲ ಗುಂಪುಗಳಿಂದ ಬಂದ ಬೇಡಿಕೆ ಹತ್ತೋ ಹನ್ನೆರಡೋ ಇರುತ್ತದೆ. ಕೈ ಎತ್ತಿಸಿ ಕೇಳಿದರೆ ಎಲ್ಲರ ಕೈ ಗೌಡರ ಕೈ ನೋಡಿ ಏಳುತ್ತದೆ. ಅದಕ್ಕೇ ಮುಚ್ಚಳದ ಗಡಿಗೆ. ಒಂದೊಂದು ಬೇಡಿಕೆಗೆ ಒಂದೊಂದು ಗಡಿಗೆ, ಮೇಲೆ ಚಿತ್ರ: ಕೈಪಂಪು, ಟಾಕಿ, ಗಟಾರ, ಕೆರೆ. ಒಬ್ಬೊಬ್ಬರಿಗೂ ಐದು ಬೀಜ, ಹೆಂಗಸರಿಗೆ ಹುಣಸೆ ಬೀಜ, ಗಂಡಸರಿಗೆ ಕಡಲೆ. ಐದನ್ನೂ ಒಂದೇ ಗಡಿಗೆಗೆ ಹಾಕಬಹುದು, ಹಂಚಬಹುದು. ಬಾಗಿಲು ಮುಂದೆ ಮಾಡಿದ ಕೋಣೆಗೆ ಒಬ್ಬೊಬ್ಬರಾಗಿ ಹೋಗಿ ಹಾಕಿ ಬರಲಿ. ಎಣಿಕೆ ಮಾತ್ರ ಎಲ್ಲರ ಎದುರು, ಊರಿನ ಇಬ್ಬರು ಹುಡುಗಿಯರ ಕೈಯಲ್ಲಿ. ನಲವತ್ತು ಜನ ಬಂದಿದ್ದರೆ ಇನ್ನೂರು ಬೀಜ ತಾಳೆಯಾಗಬೇಕು.

ಇದರಲ್ಲೊಂದು ದೊಡ್ಡ ಅಪಾಯವಿದೆ. ಊರಲ್ಲಿ ನಾಲ್ಕು ನೂರು ಮನೆ, ಕೇರಿಯಲ್ಲಿ ಮೂವತ್ತು ಮನೆ ಇದ್ದರೆ, ಕೇರಿಯ ಒಂದೇ ಬೇಡಿಕೆ ಪ್ರತಿ ಸಲ ಸೋಲುತ್ತದೆ. ಮೇಲ್ನೋಟಕ್ಕೆ ಪ್ರಜಾಪ್ರಭುತ್ವ, ನಿಜದಲ್ಲಿ ಅದೇ ಹಳೇ ಅನ್ಯಾಯ. ಆದ್ದರಿಂದ ಗಡಿಗೆಗಳನ್ನು ಕೇರಿ, ತಾಂಡಾ, ಊರು ಎಂದು ಬೇರೆ ಬೇರೆ ಇಟ್ಟು ಬೇರೆಯಾಗಿಯೇ ಎಣಿಸಿ. ಪ್ರತಿ ಜಾಗದ ಮೊದಲ ಬೇಡಿಕೆ, ಬೀಜ ಎಷ್ಟೇ ಇರಲಿ, ಅಂತಿಮ ಪಟ್ಟಿಯಲ್ಲಿ ಇರಲೇಬೇಕು ಎಂಬ ಮಾತನ್ನು ಎಣಿಕೆಗೆ ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ಎಣಿಕೆ ಆದಮೇಲೆ ಯಾರೂ ಒಪ್ಪುವುದಿಲ್ಲ.

ಠರಾವು, ಗೋಡೆ, ಮರುಭೇಟಿ

ಇಷ್ಟೆಲ್ಲ ಆಗಿಯೂ ಪಂಚಾಯ್ತಿಯ ನಡಾವಳಿ ಪುಸ್ತಕದಲ್ಲಿ ಬರದಿದ್ದರೆ ಅದು ಆಗಿಲ್ಲ ಎಂದೇ ಲೆಕ್ಕ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆ ದಿನಾಂಕವನ್ನು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರಿಂದ ಮೊದಲೇ ತಿಳಿದು, ನಿಮ್ಮ ಆರು ವಾರವನ್ನು ಅದಕ್ಕೆ ಮುಂಚೆ ಮುಗಿಯುವಂತೆ ಹೊಂದಿಸಿ. ಡಂಗುರ ಸಾರಿಸುವುದು ಪಂಚಾಯ್ತಿಯ ಕೆಲಸ, ಆದರೆ ಅದು ಕೇರಿಗೂ ತಾಂಡಾಕ್ಕೂ ಮುಟ್ಟಿತೇ ಎಂದು ನೋಡುವುದು ನಿಮ್ಮದು. ಸಭೆಯಲ್ಲಿ ನಕ್ಷೆ ಬಿಡಿಸಿ ಮಾತಾಡುವವರು ಊರವರೇ ಆಗಿರಲಿ, ಅದರಲ್ಲಿ ಇಬ್ಬರಾದರೂ ಹೆಂಗಸರು. ಹಿಂದಿನ ದಿನ ಅವರಿಗೆ ಎರಡು ಸಲ ನಿಂತು ಹೇಳಿ ರೂಢಿ ಮಾಡಿಸಿ. ಠರಾವು ಓದಿ ಹೇಳಿಸಿ, ಸಂಖ್ಯೆ ಮತ್ತು ದಿನಾಂಕ ಬರೆದುಕೊಳ್ಳಿ. ಪ್ರತಿ ಕೊಡಲು ತಡ ಮಾಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ ಮೂವತ್ತು ದಿನದಲ್ಲಿ ಕೊಡಬೇಕು.

ಸುದ್ದಿ ಮುಟ್ಟಿಸಲು ವಾಟ್ಸಾಪ್ ಗುಂಪೊಂದನ್ನೇ ನಂಬಬೇಡಿ, ಫೋನು ಹೆಚ್ಚಾಗಿ ಗಂಡಸರ ಕಿಸೆಯಲ್ಲಿ ಇರುತ್ತದೆ. ಗುಳೆ ಹೋದವರಿಗೆ ಮಾತ್ರ ಮೂರು ನಿಮಿಷದ ಧ್ವನಿ ಸಂದೇಶ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಾವಿ ಸುತ್ತ ಕೆಲಸ ಮಾಡುವವರಿಗೆ ಕೆಎಲ್‌ಇ ವೇಣುಧ್ವನಿಯಂಥ ಸಮುದಾಯ ಬಾನುಲಿಯೂ ಇದೆ. ಅಲ್ಲಿ ನಿಮ್ಮ ಭಾಷಣ ಬೇಡ, ನಕ್ಷೆ ಎಳೆದವರ ಮಾತೇ ಕೇಳಿಸಲಿ.

ಸಭೆ ಆದ ಹದಿನೈದು ದಿನದೊಳಗೆ ಊರಿಗೆ ತಿರುಗಿ ಹೋಗಬೇಕು. ಹೇಳಲು ಏನೂ ಇಲ್ಲದಿದ್ದರೂ, "ಇನ್ನೂ ಎಸ್ಟಿಮೇಟ್ ಆಗಿಲ್ರಿ" ಎಂಬುದಷ್ಟೇ ಸುದ್ದಿಯಾದರೂ ಹೋಗಿ ಹೇಳಬೇಕು. ಕೆಲಸ ಮಂಜೂರಾದರೆ ಅಂಗನವಾಡಿಯ ಹೊರಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ: ಯಾವ ಕೆಲಸ, ಎಷ್ಟು ಹಣ, ಯಾವಾಗ ಶುರು, ಯಾವಾಗ ಮುಗಿಯಬೇಕು, ಠರಾವಿನ ಸಂಖ್ಯೆ. ಓದಲು ಬಾರದವರಿಗಾಗಿ ಪಕ್ಕದಲ್ಲಿ ಗಡಿಗೆಯ ಮೇಲಿದ್ದ ಅದೇ ಚಿತ್ರ. ಮುಂದಿನ ಯುಗಾದಿಗೆ ನಕ್ಷೆಯ ಹಾಳೆ ಹೊರತೆಗೆದು, ಅದೇ ಓಣಿಗಳಲ್ಲಿ ನಿನ್ನೆ ಎಷ್ಟು ಕೊಡ ಬಂತೆಂದು ಮತ್ತೆ ಕೇಳಿ, ಹಳೇ ಅಂಕಿ ಅಳಿಸದೆ ಅದರ ಪಕ್ಕದಲ್ಲೇ ಬರೆಸಿ.