ಬೀಗ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ನಡೆಸುವುದು ಹೇಗೆ?

ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರನ್ನು ಮಾತನಾಡಿಸಿ ಬರೆದುಕೊಂಡಿದ್ದ ಟಿಪ್ಪಣಿಗಳಿದ್ದ ನನ್ನ ಪೆನ್‌ಡ್ರೈವ್ ಎರಡು ವರ್ಷಗಳ ಹಿಂದೆ ಮೈಸೂರಿನ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿದುಹೋಯಿತು. ಅರ್ಧ ಗಂಟೆಯಲ್ಲಿ ಹಿಂದಿರುಗಿ ಹೋದಾಗ ಅದು ಅಲ್ಲಿರಲಿಲ್ಲ. ಕಳೆದುಹೋದದ್ದು ಕೆಲವು ನೂರು ರೂಪಾಯಿಯ ವಸ್ತು. ಆದರೆ ನನ್ನನ್ನು ನಂಬಿ ಮನೆಯ ಕಷ್ಟ ಹೇಳಿಕೊಂಡವರ ಹೆಸರು, ಸರ್ವೆ ನಂಬರು, ಸಾಲದ ಮೊತ್ತ ಯಾರು ಬೇಕಾದರೂ ತೆರೆದು ಓದುವಂತೆ ಅದರಲ್ಲಿದ್ದವು ಎಂಬ ಸಂಕಟ ಇಂದಿಗೂ ಹೋಗಿಲ್ಲ. ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುವ ಕಿರಿಯ ಗೆಳೆಯರಿಗೆ ನಾನೀಗ ಹೇಳಿಕೊಡುವ ವಿಧಾನ ಇದು. ಬೀಗ ಎಂದರೆ ಇಲ್ಲಿ ಎನ್‌ಕ್ರಿಪ್ಷನ್, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಕಡತಗಳನ್ನು ಗೂಢಗೊಳಿಸುವುದು.

ಟೇಲ್ಸ್ ಎಂಬುದು ಡೆಬಿಯನ್ ಲಿನಕ್ಸ್ ಆಧಾರಿತ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಉಚಿತ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಮ್). 2009ರಿಂದ ಬಳಕೆಯಲ್ಲಿದೆ. ಇದನ್ನು ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪೆನ್‌ಡ್ರೈವ್‌ನಿಂದಲೇ ಎದ್ದು, ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಓಡಿ, ಯಂತ್ರ ಆರಿಸಿದಾಗ ತನ್ನ ಕುರುಹು ಅಳಿಸಿಕೊಂಡು ಹೋಗುತ್ತದೆ. ಒಳಗಿನ ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸ್ ಅನ್ನು ಅದು ಮುಟ್ಟುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು, ಏಕೆಂದರೆ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿಯೇ. ಪೆನ್‌ಡ್ರೈವ್ ಪೂರ್ತಿ ಬೀಗದೊಳಗೆ ಇರುವುದಿಲ್ಲ. ಯಂತ್ರ ಆನ್ ಆದ ಕ್ಷಣದಲ್ಲಿ ಅದರ ಮೂಲ ತಂತ್ರಾಂಶಕ್ಕೆ ಪಾಸ್‌ವರ್ಡ್ ಕೇಳಿ ಬೀಗ ತೆಗೆಯುವ ವಿದ್ಯೆ ತಿಳಿದಿರುವುದಿಲ್ಲವಾದ್ದರಿಂದ, ವ್ಯವಸ್ಥೆಯನ್ನು ಎಬ್ಬಿಸುವ ಭಾಗ ತೆರೆದೇ ಇರಬೇಕಾಗುತ್ತದೆ. ಆ ಭಾಗ ಎಲ್ಲರಿಗೂ ಒಂದೇ, ಅದರಲ್ಲಿ ನಿಮ್ಮದೆನ್ನುವುದು ಏನೂ ಇಲ್ಲ. ನಿಮ್ಮ ಕಡತಗಳು ಉಳಿಯುವುದು ಪರ್ಸಿಸ್ಟೆಂಟ್ ಸ್ಟೋರೇಜ್ ಎಂಬ ಎರಡನೆಯ ಭಾಗದಲ್ಲಿ. ಲಕ್ಸ್ ಎಂಬ ವಿಧಾನದಿಂದ ಬೀಗ ಬೀಳುವುದು ಅದಕ್ಕೆ ಮಾತ್ರ.

ಕೆಲಸಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ದೇವರಾಜ ಅರಸು ರಸ್ತೆಗೆ ಹೊಸದನ್ನು ಕೊಳ್ಳಲೆಂದೇ ಹೋಗುವುದಾದರೆ 32 ಜಿಬಿಯದನ್ನೇ ತನ್ನಿ. ಈಗಿನ 7ನೇ ಆವೃತ್ತಿಗೆ 3 ಜಿಬಿ ರ‍್ಯಾಮ್ ಇರಬೇಕು. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಮತ್ತು ಮೊಬೈಲಿನಲ್ಲಿ ಇದು ನಡೆಯುವುದಿಲ್ಲ. ಟೇಲ್ಸ್‌ನ ಅಧಿಕೃತ ತಾಣದಿಂದಲೇ ಕಡತವನ್ನು ಇಳಿಸಿಕೊಂಡು, ಅದೇ ಪುಟದಲ್ಲಿರುವ ಪರಿಶೀಲನೆಯ ಗುಂಡಿ ಒತ್ತಿ, ಕಡತ ಅಸಲಿ ಎಂದು ಖಚಿತವಾದ ಮೇಲೆ ಮುಂದುವರಿಯಿರಿ. ಈ ಒಂದು ನಿಮಿಷದ ಕೆಲಸವನ್ನು ದಯವಿಟ್ಟು ಬಿಡಬೇಡಿ. ವಿಂಡೋಸ್‌ನಲ್ಲಿ ರೂಫಸ್, ಲಿನಕ್ಸ್‌ನಲ್ಲಿ ಗ್ನೋಮ್ ಡಿಸ್ಕ್ಸ್ ಎಂಬ ತಂತ್ರಾಂಶ ಬಳಸಿ ಅದನ್ನು ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಅನಂತರ ಯಂತ್ರವನ್ನು ಅದರಿಂದ ಎಬ್ಬಿಸಬೇಕು. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ಬರುವ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿಕೊಳ್ಳಿ. ಆ ಆಯ್ಕೆ ಕಾಣದಿದ್ದರೆ ಯಂತ್ರ ಆನ್ ಮಾಡಿದ ಕೂಡಲೇ ಯಾವುದರಿಂದ ಏಳಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅನುಮೋದಿತ ವ್ಯವಸ್ಥೆಗಳನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲಿನ ಜೊತೆಗೂ ಟೇಲ್ಸ್ ಕೆಲಸ ಮಾಡುವುದರಿಂದ ಅದನ್ನು ಆಫ್ ಮಾಡುವ ಗೊಡವೆಗೆ ಹೋಗಬೇಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಹಾಗೆ ಆಫ್ ಮಾಡಿದ ಮೇಲೆ ಅದು ರಿಕವರಿ ಕೀ ಕೇಳಿ ನಿಮ್ಮನ್ನೇ ಹೊರಗೆ ನಿಲ್ಲಿಸಬಹುದು.

ಡೆಸ್ಕ್‌ಟಾಪ್ ತೆರೆದುಕೊಂಡ ಮೇಲೆ ಅಪ್ಲಿಕೇಷನ್‌ಗಳ ಪಟ್ಟಿಯಲ್ಲಿ ಪರ್ಸಿಸ್ಟೆಂಟ್ ಸ್ಟೋರೇಜ್ ಆರಿಸಿದರೆ ಪಾಸ್‌ಫ್ರೇಸ್, ಅಂದರೆ ಹಲವು ಪದಗಳ ಪಾಸ್‌ವರ್ಡ್, ಕೇಳುತ್ತದೆ. ಇಡೀ ಬೀಗದ ಬಲ ಇರುವುದು ಇಲ್ಲಿ. 'ಮೈಸೂರುಪಾಕ್123' ಎಂಬಂಥದ್ದನ್ನು ಊಹಿಸಲು ತಂತ್ರಾಂಶಕ್ಕೆ ಹೊತ್ತು ಬೇಕಾಗದು. ನಿಘಂಟನ್ನು ಕಣ್ಣುಮುಚ್ಚಿ ಆರು ಕಡೆ ತೆರೆದು, ಬೆರಳಿಗೆ ಸಿಕ್ಕ ಪದಗಳನ್ನು ಸಿಕ್ಕ ಕ್ರಮದಲ್ಲೇ ಜೋಡಿಸಿ. ಒರಳು, ಛತ್ರಿ, ಸುಂಕ, ಎಮ್ಮೆ, ತಗಡು, ಹಂಬಲ ಎಂಬಂತೆ ಒಂದಕ್ಕೊಂದು ನಂಟಿಲ್ಲದ ಪದಗಳು ಬರಬೇಕು. ಈ ಆರು ಅಚ್ಚಾಗಿಹೋದವು, ಇವನ್ನೇ ಇಡಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಸುಂಕಕ್ಕೆ 'ಎನ್' ಹಾಕುತ್ತೀರೋ 'ಎಂ' ಹಾಕುತ್ತೀರೋ ಎಂಬುದನ್ನು ಅಂದೇ ಗಟ್ಟಿಮಾಡಿಕೊಳ್ಳಿ. ಮರೆತರೆ ತೆರೆದುಕೊಡುವವರು ಯಾರೂ ಇಲ್ಲ.

ಮುಂದಿನ ಸಲ ಯಂತ್ರ ಎದ್ದಾಗ ಸ್ವಾಗತ ಪರದೆಯಲ್ಲೇ ಪಾಸ್‌ಫ್ರೇಸ್ ಕೊಟ್ಟು ಬೀಗ ತೆಗೆದು, 'ಪರ್ಸಿಸ್ಟೆಂಟ್' ಎಂಬ ಫೋಲ್ಡರಿನಲ್ಲೇ ಕಡತಗಳನ್ನು ಉಳಿಸಬೇಕು. ಅಭ್ಯಾಸಬಲದಿಂದ ಬೇರೆಡೆ ಉಳಿಸಿದ್ದು ಯಂತ್ರ ಆರಿದೊಡನೆ ಮಾಯವಾಗುತ್ತದೆ. ಹೊಸ ಆವೃತ್ತಿ ಬಂದಾಗ ಟೇಲ್ಸ್ ಒಳಗಿನಿಂದಲೇ ಅಪ್‌ಗ್ರೇಡ್ ಮಾಡಿ; ರೂಫಸ್‌ನಿಂದ ಮತ್ತೆ ಬರೆದರೆ ಬೀಗದ ಭಾಗವೂ ಅಳಿಸಿಹೋಗುತ್ತದೆ.

ಅಂಗಡಿಯ ಯಂತ್ರಗಳ ಬಗ್ಗೆ ಎಚ್ಚರಿಕೆ ಉಳಿದೇ ಇದೆ. ಕೀಬೋರ್ಡಿನ ತಂತಿಗೆ ಯಾರಾದರೂ ಅಕ್ಷರ ಕದಿಯುವ ಸಣ್ಣ ಸಾಧನ ಸಿಕ್ಕಿಸಿದ್ದರೆ ಟೇಲ್ಸ್‌ಗೆ ಅದು ತಿಳಿಯುವುದಿಲ್ಲ. ಹಾಗಾಗಿ ನಾನು ನನ್ನ ಮತ್ತು ಗೆಳೆಯರ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಪಾಸ್‌ಫ್ರೇಸ್ ಒತ್ತುತ್ತೇನೆ. ಮುದ್ರಣಕ್ಕೆ ಕೊಡಬೇಕಾದ ಪುಟಗಳನ್ನಷ್ಟೇ ಬೇರೊಂದು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ.

ಪೆನ್‌ಡ್ರೈವ್ ಕೆಡುವುದೂ ಉಂಟು. ಟೇಲ್ಸ್ ಕ್ಲೋನರ್ ಎಂಬ ಸಾಧನದಿಂದ ಬೀಗದ ಭಾಗವನ್ನೂ ಸೇರಿಸಿ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ನನ್ನ ಎರಡನೆಯ ಪ್ರತಿ ಮಂಡ್ಯದ ಮನೆಯಲ್ಲಿ ಅಮ್ಮನ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಹೊಸ ಟಿಪ್ಪಣಿಗಳನ್ನು ಅದಕ್ಕೆ ಸೇರಿಸಿ ಬರುತ್ತೇನೆ.