ಮಕ್ಕಳಿಗೆ ತಾಳ: ಮೊದಲು ಕಾಲಿಗೆ, ಆಮೇಲೆ ಕೈಗೆ

ನಾಲ್ಕೈದು ವರ್ಷದ ಮಗುವನ್ನು ಕೂರಿಸಿಕೊಂಡು ಮೊದಲ ದಿನವೇ "ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು" ಅಂತ ಕರ್ನಾಟಕ ಸಂಗೀತದ ಆದಿತಾಳ ಹೇಳಿಕೊಡಬೇಡಿ. ಆ ವಯಸ್ಸಿನಲ್ಲಿ ಉಂಗುರ ಬೆರಳೊಂದನ್ನೇ ತೊಡೆಗೆ ತಾಗಿಸೋದು ಎಷ್ಟು ಕಷ್ಟ ಅಲ್ವಾ? ಗಮನವೆಲ್ಲ ಬೆರಳಿಗೇ ಹೋಗುತ್ತದೆ, ಲಯ ಕೈತಪ್ಪುತ್ತದೆ.

ನಡಿಗೆಯಿಂದ ಶುರು ಮಾಡಿ. ಮಗುವಿನ ಜೊತೆ ನೀವೂ ನಡೆಯಿರಿ, ಒಂದು ಹೆಜ್ಜೆಗೆ ಒಂದು ಎಣಿಕೆ. ನಾಲ್ಕು ಹೆಜ್ಜೆಗೊಮ್ಮೆ ಕಾಲನ್ನು ಜೋರಾಗಿ ಊರಿ. ಸ್ವಲ್ಪ ದಿನಕ್ಕೆ ನೀವು ಸುಮ್ನಿದ್ದರೂ ಮಗು ಅಲ್ಲೇ ಕಾಲು ಊರುತ್ತದೆ.

ಈಗ ಬಾಯಿಗೆ ಮಾತು ಕೊಡಿ. ತಕಿಟ, ತಕಧಿಮಿ ಅನ್ನೋ ಲಯದ ಪದಗಳು ಆಮೇಲೆ ಬರಲಿ, ಮೊದಲು 'ನವಿಲು', 'ಕುರಿಮರಿ' ಸಾಕು. ನ-ವಿ-ಲು ಮೂರು, ಕು-ರಿ-ಮ-ರಿ ನಾಲ್ಕು. ಪದದ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ. 'ನವಿಲು ಕುರಿಮರಿ, ನವಿಲು ಕುರಿಮರಿ' ಅಂತ ಬಿಡದೆ ಹೇಳಿಸಿ ನೋಡಿ, ದೊಡ್ಡವರೇ ತಡಕಾಡುವ 7 ಎಣಿಕೆಯ ಮಿಶ್ರಛಾಪು ತಾಳ ಮಗುವಿನ ಕೈಗೆ ಬಂದೇಬಿಟ್ಟಿರುತ್ತದೆ. 'ಕುರಿ ನವಿಲು' ಅಂದರೆ 5, ಅದು ಖಂಡಛಾಪು. ಪದ ಆರಿಸುವಾಗ ಮಾತ್ರ ಎಲ್ಲ ಅಕ್ಷರವೂ ಹ್ರಸ್ವ ಇರಲಿ, ಒತ್ತಕ್ಷರ ಬೇಡ. 'ಆನೆ'ಯಲ್ಲಿ ಎರಡೇ ಅಕ್ಷರ, ಆದರೆ 'ಆ' ಎರಡು ಎಣಿಕೆ ಎಳೆಯುತ್ತದೆ, ಹಾಗಾಗಿ ಅದು ನವಿಲಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಇದನ್ನು ಹೇಳಿಕೊಡಬೇಡಿ, ಮಗುವೇ ಕಂಡುಹಿಡಿಯಲಿ, ಆ ಖುಷಿನೇ ಬೇರೆ.

ಮುಂದಿನದು ರೂಪಕ ತಾಳ: ಎರಡು ಪೆಟ್ಟು, ಒಂದು ಹುಸಿ, ಅಂದರೆ ಸದ್ದಿಲ್ಲದೆ ಅಂಗೈಯನ್ನು ಮೇಲ್ಮುಖ ಮಾಡೋದು. ತೊಂದರೆ ಇರೋದು ಹುಸಿಯಲ್ಲೇ. ನನ್ನ ಹತ್ತಿರ ಕಲಿಯುತ್ತಿದ್ದ ಐದು ವರ್ಷದ ಹುಡುಗಿ ಅದನ್ನು ನುಂಗಿ ನೇರ ಮುಂದಿನ ಪೆಟ್ಟಿಗೆ ಹಾರುತ್ತಿದ್ದಳು. ಸದ್ದಿಲ್ಲ ಅಂದಮೇಲೆ ಎಣಿಕೆಯೂ ಇಲ್ಲ ಅಂತ ಅವಳ ಲೆಕ್ಕ. ಹೇಳಿ ಹೇಳಿ ಸಾಕಾಗಿ, ಒಂದು ದಿನ ಎದುರು ಕೂತು, ಹುಸಿಗೆ ಅವಳ ಅಂಗೈ ಮೇಲಾದಾಗಲೆಲ್ಲ ನನ್ನ ಬೆರಳಿನಿಂದ ಅದರ ನಡುವೆ ಮೆಲ್ಲಗೆ ಮುಟ್ಟಿದೆ. ಪೆಟ್ಟು, ಪೆಟ್ಟು, ಮುಟ್ಟು. ಸ್ವಲ್ಪ ಹೊತ್ತಿಗೆ ನಾನು ಬೇಕಂತಲೇ ಮುಟ್ಟದೆ ಬಿಟ್ಟರೂ ಅಂಗೈ ಚಾಚಿಕೊಂಡು ಅಷ್ಟೇ ಹೊತ್ತು ಕಾದಳು.

ಇಷ್ಟಾದ ಮೇಲೆ ಬೆರಳೆಣಿಕೆ, ಆದಿತಾಳ, ಅಂದರೆ ಒಂದು ಪೆಟ್ಟು, ಮೂರು ಬೆರಳು ಸೇರಿ ನಾಲ್ಕು, ಆಮೇಲೆ ಪೆಟ್ಟು-ಹುಸಿ ಎರಡು, ಮತ್ತೆ ಪೆಟ್ಟು-ಹುಸಿ ಎರಡು, ಒಟ್ಟು 8. ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆಯನ್ನು ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ ಒಯ್ದಾಗ ಒಂದು ಎಣಿಕೆಗೆ ಎರಡು ಸ್ವರ, ಬಾಯಿಯ ಜೊತೆ ಕೈಯೂ ಓಡೋಕೆ ಶುರು ಮಾಡುತ್ತದೆ. ಬೈಯಬೇಡಿ, ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮೂ ಬೇಡ. ಎಬ್ಬಿಸಿ ಮತ್ತೆ ನಡೆಸಿ. "ಕಾಲು ಅಜ್ಜಿ ಜೊತೆ ದೇವಸ್ಥಾನಕ್ಕೆ ಹೋಗ್ತಿದೆ ಪುಟ್ಟಾ, ಬಾಯಿ ಮಾತ್ರ ಓಡ್ಲಿ" ಅನ್ನಿ. ಮೊದಲು ಹೆಜ್ಜೆಗೊಂದು ಸ್ವರ, ಆಮೇಲೆ ಅದೇ ಹೆಜ್ಜೆಗೆ ಎರಡು. ಕಾಲು ಅವಸರ ಬಿಟ್ಟ ಮೇಲೆ ಕೂರಿಸಿ, ಅದೇ ವರಸೆಯನ್ನು ತೊಡೆ ತಟ್ಟಿಕೊಂಡು ಇನ್ನೊಮ್ಮೆ ಹಾಡಿಸಿ.