ಹಠಮಾರಿ ಪಾಪೆಗಳು ಹಿಗ್ಗಿದ್ದು ಹೀಗೆ

ಹದಿನೈದಿಪ್ಪತ್ತು ವರ್ಷದಿಂದ ಶುಗರ್ ಇರುವವರ ಕಣ್ಣಿನ ಪಾಪೆ ಎಷ್ಟು ಹಠ ಮಾಡುತ್ತದೆ ಅಂತ ಕಣ್ಣಿನ ಕ್ಯಾಂಪಿಗೆ ಹೋದ ಎಲ್ಲರಿಗೂ ಗೊತ್ತು. ಪಾಪೆ ಹಿಗ್ಗಿಸುವ ಹನಿ, ಅಂದರೆ ಟ್ರೋಪಿಕಮೈಡ್-ಫಿನೈಲೆಫ್ರಿನ್, ಹಾಕಿ ಮುಕ್ಕಾಲು ಗಂಟೆ ಕಾದರೂ ಎಷ್ಟೋ ಸಲ 4 ಮಿ.ಮೀ. ದಾಟುವುದಿಲ್ಲ. ನಾನು ಉಡುಪಿಯಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್. ಈಗ ನನ್ನ ಬೆಂಚಿನಲ್ಲಿ ಕೂತ ಹತ್ತರಲ್ಲಿ ಒಂಬತ್ತು ಜನರ ಪಾಪೆ ಅರ್ಧ ಗಂಟೆಯೊಳಗೆ 6 ಮಿ.ಮೀ. ಮುಟ್ಟುತ್ತದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲು ಹೀಗಿರಲಿಲ್ಲ. ಬೈಂದೂರಿನ ಕಡೆ ಒಂದು ಕ್ಯಾಂಪು, ಸುಮಾರು ಎಪ್ಪತ್ತು ಜನ. ಪಾಪೆ ಹಿಗ್ಗಲಿಲ್ಲ ಅಂತ ಹನಿ ಮೇಲೆ ಹನಿ ಹಾಕಿದೆ. 5 ಎಂ.ಎಲ್. ಬಾಟಲಿ ಆರು ಖಾಲಿ. ಒಂದಕ್ಕೆ ಎಪ್ಪತ್ತೆಂಬತ್ತು ರೂಪಾಯಿ. ತಂದದ್ದು ನಾಲ್ಕೇ, ಉಳಿದ ಎರಡನ್ನು ಪೇಟೆಯಿಂದ ನನ್ನ ಕೈಯಿಂದಲೇ ತರಿಸಿದೆ. ಆದರೂ ಹದಿನೈದಿಪ್ಪತ್ತು ಜನರ ರೆಟಿನಾ (ಕಣ್ಣಿನ ಹಿಂದಿನ ಪರದೆ) ಸರಿಯಾಗಿ ಕಾಣಲೇ ಇಲ್ಲ. ದಿನದ ಕೂಲಿ ಬಿಟ್ಟು ಬಂದವರನ್ನು ವಾಪಸ್ ಕಳಿಸಿದ್ದು ಇವತ್ತಿಗೂ ಬೇಸರ.

ಆಮೇಲೆ ಲೆಕ್ಕ ಹಾಕಿದೆ. ಕಣ್ಣಿನೊಳಗೆ ನಿಲ್ಲುವುದು ಹೆಚ್ಚೆಂದರೆ 30 ಮೈಕ್ರೋಲೀಟರ್. ಒಂದು ಹನಿಯೇ 40-50 ಇರುತ್ತದೆ. ಬೆನ್ನಿಗೇ ಇನ್ನೊಂದು ಹಾಕಿದರೆ ಅದು ಕೆನ್ನೆ ಮೇಲೆ ಹರಿದು ಹೋಗುತ್ತದೆ, ಅಲ್ವಾ? ಹಣವೂ ಅದರ ಜೊತೆಗೇ.

ಈಗ ಮಾಡುವುದು ಹೀಗೆ. ಮೊದಲು ಕಣ್ಣು ಮರಗಟ್ಟಿಸುವ ಪ್ರೊಪಾರಕೇನ್ ಒಂದು ಹನಿ, ಉರಿಗೆ ನೀರು ಬಂದು ಮುಂದಿನ ಔಷಧಿ ತೊಳೆದು ಹೋಗದಿರಲಿ ಅಂತ. ಒಂದು ನಿಮಿಷ ಬಿಟ್ಟು ಪಾಪೆ ಹಿಗ್ಗಿಸುವ ಡೈಲೇಟಿಂಗ್ ಹನಿ. ಕಣ್ಣು ಮುಚ್ಚಿಸಿ ಔಷಧಿ ಮೂಗಿಗೆ ಇಳಿಯದಂತೆ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿಸುವುದು. ಐದಾರು ನಿಮಿಷಕ್ಕೆ ಎರಡನೇ ಹನಿ. ಹಾಕಿದ ಹೊತ್ತನ್ನು ಟೇಪಿನ ಮೇಲೆ ಬರೆದು ಹಣೆಗೆ ಅಂಟಿಸುತ್ತೇನೆ.

"ಕಣ್ಣು ಮರಗಟ್ಟಿಸುವ ಹನಿ ಯಾಕೆ ಮಾರಾಯ್ರೆ, ಸುಮ್ನೆ ಖರ್ಚು" ಅಂದರು ಜೊತೆಯವರು. ಮೊದಲ ಎರಡು ಕ್ಯಾಂಪಿನಲ್ಲಿ ಅವರ ಮಾತೇ ನಿಜವಾಯಿತು. ಫಲಿತಾಂಶ ಏನೂ ಇಲ್ಲ. ಆಮೇಲೆ ನೋಡಿದರೆ ಬಾಟಲಿ ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ಔಷಧಿ ಕಂದು ಬಣ್ಣಕ್ಕೆ ತಿರುಗಿತ್ತು. ಪ್ರೊಪಾರಕೇನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಮಲ್ಪೆಯಲ್ಲಿ ಮೀನು ಕಳಿಸುವ ಥರ್ಮಾಕೋಲ್ ಡಬ್ಬಿ ಹೊಸದೊಂದು ತಂದೆ. ಐಸಿಗೆ ಅಲ್ಲಿ ಬರ ಇಲ್ಲ. ಬಾಟಲಿ ಐಸಿಗೆ ತಾಗದಂತೆ ನಡುವೆ ಬಟ್ಟೆ ಇಟ್ಟೆ.

ನಂತರ ಡಾಕ್ಟರನ್ನು ಕೇಳಿ, ಒಪ್ಪಿದ ಇಪ್ಪತ್ತು ಜನರಿಗೆ ಬಲಗಣ್ಣಿಗೆ ಪ್ರೊಪಾರಕೇನ್ ಹಾಕಿ, ಎಡಕ್ಕೆ ಹಾಕದೆ ನೋಡಿದೆ. ನೆನಪಿನ ಪ್ರಕಾರ ಹದಿನಾಲ್ಕು ಹದಿನೈದು ಜನರಲ್ಲಿ ಬಲಗಣ್ಣೇ ಮುಂದೆ, ಆರೇಳು ನಿಮಿಷ ಬೇಗ. ಈಗ ಎಪ್ಪತ್ತು ಜನಕ್ಕೆ ಡೈಲೇಟಿಂಗ್ ಬಾಟಲಿ ಮೂರು ಸಾಕು. ಪ್ರೊಪಾರಕೇನ್ ಖರ್ಚು ಕಳೆದರೂ ಉಳಿತಾಯವೇ.

ಒಂದು ತಪ್ಪನ್ನು ಮುಚ್ಚಿಡಬಾರದು. ಕುಂದಾಪುರದ ಒಬ್ಬರು ಅಜ್ಜಿಗೆ ಅವಸರದಲ್ಲಿ ಟಾರ್ಚ್ ಹಿಡಿದು ನೋಡದೆ ಹನಿ ಹಾಕಿದೆ. ರಾತ್ರಿ ಕಣ್ಣು ನೋವು, ವಾಂತಿ. ಕಣ್ಣಿನೊಳಗಿನ ಪ್ರೆಷರ್ ವಿಪರೀತ ಏರಿ 50ರ ಮೇಲೆ. ಔಷಧಿ ಕೊಟ್ಟು, ಲೇಸರ್ ಮಾಡಿ ಕಣ್ಣು ಉಳಿಸಿದರು. ಕಣ್ಣಿನ ಮುಂಭಾಗ ಇಕ್ಕಟ್ಟಾಗಿದ್ದರೆ ಪಾಪೆ ಹಿಗ್ಗಿದಾಗ ಹೀಗೆ ಪ್ರೆಷರ್ ಏರಬಹುದು; ಅದನ್ನು ಪಕ್ಕದಿಂದ ಬೆಳಕು ಬಿಟ್ಟು ನೋಡಲು ಹತ್ತು ಸೆಕೆಂಡ್ ಸಾಕಿತ್ತು. ಈಗ ಸಾಲು ಎಷ್ಟೇ ಉದ್ದ ಇರಲಿ, ಟಾರ್ಚ್ ಇಲ್ಲದೆ ಹನಿ ಇಲ್ಲ. ಬಿಪಿ ಜಾಸ್ತಿ ಇದ್ದವರಿಗೆ, ಹಾರ್ಟ್ ತೊಂದರೆಯವರಿಗೆ ಬಿಪಿ ಏರಿಸಬಲ್ಲ ಫಿನೈಲೆಫ್ರಿನ್ ಬಿಟ್ಟು ಬರೀ ಟ್ರೋಪಿಕಮೈಡ್.

ದಾರಿ ಬಿಟ್ಟು ಒಂದು ವಿಷಯ. ಶಿವರಾತ್ರಿ ಮರುದಿನ ಒಬ್ಬರು ಬಂದರು, ಒಂದೇ ಕಣ್ಣಿನ ಪಾಪೆ ಹಿಗ್ಗಿತ್ತು. ಮನೆಯವರಿಗೆ ಸ್ಟ್ರೋಕ್ ಅಂತ ಭಯ. ಡಾಕ್ಟರ್ ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹನಿ ಹಾಕಿದರು, ಪಾಪೆ ಕುಗ್ಗಲಿಲ್ಲ. ಅಂದರೆ ಯಾವುದೋ ಔಷಧಿಯಂಥದ್ದು ಕಣ್ಣಿಗೆ ತಾಗಿರಬೇಕು. "ಅಕ್ಕಾ, ನಿನ್ನೆ ಯಾವ ಹೂ ಕೊಯ್ದಿರಿ?" ಅಂತ ಕೇಳಿದೆ. ದತ್ತೂರಿ! ಅದೇ ಕೈಯಲ್ಲಿ ಕಣ್ಣು ಉಜ್ಜಿದ್ದರು. ಅದರಲ್ಲೂ ಪಾಪೆ ಹಿಗ್ಗಿಸುವ ಅಟ್ರೋಪಿನ್ ಇದೆಯಲ್ಲ.

ಅಳುವ ಮಕ್ಕಳಿಗೆ ಹನಿ ಹಾಕುವ ನನ್ನ ಕೈಚಳಕವನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಕ್ಯಾಂಪಿಗೆ ಬನ್ನಿ, ತೋರಿಸುತ್ತೇನೆ. ಹತ್ತರಲ್ಲಿ ಹಿಗ್ಗದೆ ಉಳಿಯುವ ಆ ಒಬ್ಬರಿಗೆ ಹನಿಯಲ್ಲಿ ನೆನೆಸಿದ ಚಿಕ್ಕ ಹತ್ತಿಯನ್ನು ಕೆಳರೆಪ್ಪೆಯೊಳಗೆ ಇಟ್ಟು ನೋಡುತ್ತಿದ್ದೇವೆ. ಐದರಲ್ಲಿ ಮೂವರಿಗೆ ಹಿಗ್ಗಿತು. ಇನ್ನೂ ಹತ್ತಿಪ್ಪತ್ತು ಜನಕ್ಕೆ ಮಾಡಿ ನೋಡಬೇಕು.